ವೆಸ್ಟ್‌ಬ್ರೂಕ್ ಅವರನ್ನು ಮೆಚ್ಚಲು ಆಟದಲ್ಲೇ ಕಾರಣಗಳಿವೆ

ಪ್ರಶ್ನೆ: ನಾನು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂದ್ಯಗಳನ್ನು ನೋಡಲು ಆರಂಭಿಸಿ ಹೆಚ್ಚು ಕಾಲವಾಗಿಲ್ಲ. ರಸೆಲ್ ವೆಸ್ಟ್‌ಬ್ರೂಕ್ ಹೆಸರು ಬಂದಾಗಲೆಲ್ಲ ಗೇಲಿ ಮಾಡುವವರೇ ಹೆಚ್ಚು. ಗುರಿ ಇಲ್ಲದೆ ಎಸೆಯುತ್ತಾರೆ, ಅಂಕಿ ಅಂಶಕ್ಕಾಗಿ ಆಡುತ್ತಾರೆ, ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡವನ್ನು ಕೆಡಿಸಿದರು ಎನ್ನುತ್ತಾರೆ. ನೀವು ಮಾತ್ರ ಅವರನ್ನು ಮೆಚ್ಚಿ ಬರೆಯುತ್ತೀರಿ. ಇದು ಬರೀ ಅಭಿಮಾನವೇ, ಅಥವಾ ಆಟದಲ್ಲಿ ಇದಕ್ಕೆ ಆಧಾರವಿದೆಯೇ? ಅವರ ಆಟ ಅರ್ಥವಾಗಬೇಕಾದರೆ ಯಾವ ಪಂದ್ಯದಿಂದ ಶುರು ಮಾಡಬೇಕು?

ಉತ್ತರ: ಅಭಿಮಾನವೂ ಇದೆ, ಆಧಾರವೂ ಇದೆ. ಅಭಿಮಾನವನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ನೀವು ಕೇಳಿರುವುದು ಆಧಾರವನ್ನು. ಆದ್ದರಿಂದ ಟೀಕಾಕಾರರು ಸರಿಯಾಗಿ ಹೇಳುತ್ತಿರುವ ಮಾತುಗಳಿಂದಲೇ ಆರಂಭಿಸುತ್ತೇನೆ.

ವೆಸ್ಟ್‌ಬ್ರೂಕ್ ದೂರದಿಂದ ಚೆನ್ನಾಗಿ ಎಸೆಯುವ ಆಟಗಾರರಲ್ಲ. ವೃತ್ತಿಜೀವನದುದ್ದಕ್ಕೂ ಅವರ ಮೂರು ಅಂಕಗಳ ಎಸೆತಗಳಲ್ಲಿ ಬುಟ್ಟಿ ಸೇರಿದ್ದು ನೂರಕ್ಕೆ ಮೂವತ್ತರ ಆಸುಪಾಸು. ಲೀಗಿನ ಸರಾಸರಿ ಮೂವತ್ತೈದರ ಮೇಲಿದೆ. ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುವ ಟರ್ನೋವರ್‌ಗಳ ಲೆಕ್ಕದಲ್ಲಿ ಎನ್‌ಬಿಎ ಇತಿಹಾಸದ ಪಟ್ಟಿಯ ತುತ್ತತುದಿಯಲ್ಲಿರುವ ಹೆಸರುಗಳಲ್ಲಿ ಅವರದೂ ಒಂದು. ಚೆಂಡು ತಮ್ಮ ಬಳಿ ಇಲ್ಲದಾಗ ರಕ್ಷಣೆಯಲ್ಲಿ ಮೈಮರೆಯುತ್ತಾರೆ. ಪಂದ್ಯದ ಕೊನೆಯ ನಿಮಿಷದಲ್ಲಿ ಯಾರೂ ಮಾಡದ ತಪ್ಪನ್ನು ಮಾಡಿಬಿಡುತ್ತಾರೆ. 2025ರ ಏಪ್ರಿಲ್ 1ರಂದು ಮಿನೆಸೋಟ ವಿರುದ್ಧ ವೆಸ್ಟ್‌ಬ್ರೂಕ್ ಅವರ ಆಗಿನ ತಂಡ ಡೆನ್ವರ್ ಪರವಾಗಿ ನಿಕೋಲ ಯೋಕಿಚ್ 61 ಅಂಕ ಗಳಿಸಿದ್ದರು. ಎರಡು ಬಾರಿ ಹೆಚ್ಚುವರಿ ಅವಧಿಗೆ ಹೋದ ಆ ಪಂದ್ಯದ ಕೊನೆಯಲ್ಲಿ ವೆಸ್ಟ್‌ಬ್ರೂಕ್ ಸುಲಭದ ಲೇಅಪ್ (ಬುಟ್ಟಿಯ ಪಕ್ಕದಿಂದಲೇ ಹಾಕುವ ಎಸೆತ) ಒಂದನ್ನು ತಪ್ಪಿಸಿದರು. ಅದರ ಬೆನ್ನಿಗೇ, ಮೂರು ಅಂಕಗಳ ಎಸೆತಕ್ಕೆ ಎದ್ದಿದ್ದ ಎದುರಾಳಿಯ ಮೇಲೆ ಫೌಲ್ ಮಾಡಿದರು. ಡೆನ್ವರ್ 139–140ರಿಂದ ಸೋತಿತು. ಅದನ್ನು ನಾನು ಸಮರ್ಥಿಸುವುದಿಲ್ಲ.

ಹೀಗಿದ್ದೂ ಮೆಚ್ಚುಗೆ ಏಕೆ? ಏಕೆಂದರೆ ಅವರ ತಪ್ಪುಗಳು ಹುಟ್ಟುವ ಜಾಗದಿಂದಲೇ ಅವರ ಅತ್ಯುತ್ತಮ ಆಟವೂ ಹುಟ್ಟುತ್ತದೆ. ವೇಗವನ್ನು ತಗ್ಗಿಸಿಕೊಂಡು, ಅಪಾಯದ ಪಾಸುಗಳನ್ನು ಬಿಟ್ಟು, ತಮಗೆ ಖಾತ್ರಿ ಇರುವ ಎಸೆತಗಳನ್ನಷ್ಟೇ ಎಸೆಯುವ ವೆಸ್ಟ್‌ಬ್ರೂಕ್ ಇದ್ದಿದ್ದರೆ ಅವರ ತಪ್ಪುಗಳು ಅರ್ಧಕ್ಕೆ ಇಳಿಯುತ್ತಿದ್ದವು. ಅಂಥ ಆಟಗಾರರ ಹೆಸರನ್ನು ನೀವು ಕೇಳುತ್ತಲೂ ಇರಲಿಲ್ಲ.

ಅಂಕಿ ಅಂಶಕ್ಕಾಗಿ ಆಡುತ್ತಾರೆ ಎಂಬ ಆರೋಪವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಒಂದೇ ಪಂದ್ಯದಲ್ಲಿ ಸಾಮಾನ್ಯವಾಗಿ ಅಂಕ, ರೀಬೌಂಡ್ (ತಪ್ಪಿದ ಎಸೆತದ ಚೆಂಡನ್ನು ಹಿಡಿಯುವುದು), ಅಸಿಸ್ಟ್ (ಸಹ ಆಟಗಾರನ ಅಂಕಕ್ಕೆ ದಾರಿಯಾಗುವ ಪಾಸು) ಮೂರರಲ್ಲೂ ಎರಡಂಕಿ ಮುಟ್ಟುವುದನ್ನು ಟ್ರಿಪಲ್ ಡಬಲ್ ಎನ್ನುತ್ತಾರೆ. ಇಡೀ ಋತುವಿನ ಸರಾಸರಿಯೇ ಟ್ರಿಪಲ್ ಡಬಲ್ ಆಗುವುದು 1961–62ರಲ್ಲಿ ಆಸ್ಕರ್ ರಾಬರ್ಟ್‌ಸನ್ ಅವರಿಂದ ಒಮ್ಮೆ ಮಾತ್ರ ಸಾಧ್ಯವಾಗಿತ್ತು. ಮತ್ತೆ ಯಾರಿಗೂ ಆಗದ ಕೆಲಸವೆಂದು ಐವತ್ತಕ್ಕೂ ಹೆಚ್ಚು ವರ್ಷ ಎಲ್ಲರೂ ನಂಬಿದ್ದರು. 2016–17ರಲ್ಲಿ ವೆಸ್ಟ್‌ಬ್ರೂಕ್ ಪಂದ್ಯಕ್ಕೆ ಸರಾಸರಿ 31.6 ಅಂಕ, 10.7 ರೀಬೌಂಡ್, 10.4 ಅಸಿಸ್ಟ್ ಗಳಿಸಿದರು. ಆ ಋತುವಿನಲ್ಲಿ ಅವರದು 42 ಟ್ರಿಪಲ್ ಡಬಲ್. ರಾಬರ್ಟ್‌ಸನ್ ಅವರ 41ರ ದಾಖಲೆ ಮುರಿಯಿತು. ಅತ್ಯಮೂಲ್ಯ ಆಟಗಾರ ಪ್ರಶಸ್ತಿಯೂ ಅವರಿಗೇ ಬಂದಿತು. ಮುಂದಿನ ಎರಡು ಋತುಗಳಲ್ಲೂ, 2020–21ರಲ್ಲೂ ಟ್ರಿಪಲ್ ಡಬಲ್ ಸರಾಸರಿ ಮರುಕಳಿಸಿತು. ನಾಲ್ಕು ಬಾರಿ ಆದ ಮೇಲೆ ಜನರಿಗೆ ಅದು ಅಗ್ಗವಾಗಿ ಕಂಡಿತು. ಅವರ ಬಗ್ಗೆ ನಡೆದಿರುವ ಅನ್ಯಾಯಗಳಲ್ಲಿ ನನಗೆ ಹೆಚ್ಚು ನೋವಾಗುವುದು ಇದೇ.

ಆಗ ಕೇಳಿಬಂದ ತಕರಾರು ಇದು: ಎದುರಾಳಿಯ ಎಸೆತ ತಪ್ಪಿದಾಗ ಅವರ ಆಗಿನ ತಂಡ ಒಕ್ಲಹೋಮ ಸಿಟಿಯ ದೈತ್ಯ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ) ಸ್ಟೀವನ್ ಆಡಮ್ಸ್ ತಾವು ಚೆಂಡು ಹಿಡಿಯದೆ ಎದುರಾಳಿಗಳನ್ನು ಮೈಯಿಂದ ತಡೆದು ನಿಲ್ಲುತ್ತಿದ್ದರು, ವೆಸ್ಟ್‌ಬ್ರೂಕ್ ಬಂದು ರೀಬೌಂಡ್ ಎತ್ತಿಕೊಳ್ಳುತ್ತಿದ್ದರು. ನಿಜ, ಹಾಗೆ ನಡೆಯುತ್ತಿತ್ತು. ಅದು ಏಕೆ ನಡೆಯುತ್ತಿತ್ತು ಎಂಬುದನ್ನು ಯೋಚಿಸಿ. ಸಾಮಾನ್ಯವಾಗಿ ಎತ್ತರದ ಆಟಗಾರ ಚೆಂಡು ಹಿಡಿಯುತ್ತಾನೆ, ತಿರುಗುತ್ತಾನೆ, ದಾಳಿಯನ್ನು ನಡೆಸುವ ಪಾಯಿಂಟ್ ಗಾರ್ಡ್ ಎಲ್ಲಿದ್ದಾನೆಂದು ಹುಡುಕಿ ಅವನಿಗೆ ಪಾಸು ಕೊಡುತ್ತಾನೆ. ಈ ಒಂದೆರಡು ಸೆಕೆಂಡುಗಳಲ್ಲಿ ಎದುರಾಳಿಗಳು ತಮ್ಮ ಬುಟ್ಟಿಯ ಮುಂದೆ ಹಿಂತಿರುಗಿ ನೆಲೆಯಾಗುತ್ತಾರೆ. ಲೀಗಿನ ಅತಿ ವೇಗದ ಗಾರ್ಡ್ ತಾನೇ ರೀಬೌಂಡ್ ಹಿಡಿದರೆ ಆ ಪಾಸು ಬೇಕಾಗುವುದಿಲ್ಲ. ಹಿಡಿದ ಕಾಲಲ್ಲೇ ಓಟ ಆರಂಭವಾಗುತ್ತದೆ, ಎದುರಾಳಿಗಳಿಗೆ ಬೆನ್ನು ತಿರುಗಿಸಿ ಓಡುವುದರ ಹೊರತು ದಾರಿ ಇರುವುದಿಲ್ಲ. ಆಡಮ್ಸ್ ಬಿಟ್ಟುಕೊಡುತ್ತಿದ್ದ ರೀಬೌಂಡು ತಂಡದ ದಾಳಿಯ ಮೊದಲ ಹೆಜ್ಜೆಯಾಗಿತ್ತು.

ಫಲವೂ ಕಣ್ಣ ಮುಂದಿದೆ. ಆ ಋತುವಿನಲ್ಲಿ ವೆಸ್ಟ್‌ಬ್ರೂಕ್ ಟ್ರಿಪಲ್ ಡಬಲ್ ಗಳಿಸಿದ 42 ಪಂದ್ಯಗಳಲ್ಲಿ ತಂಡ 33 ಗೆದ್ದಿತು, 9 ಸೋತಿತು. ಉಳಿದ 40 ಪಂದ್ಯಗಳಲ್ಲಿ ಗೆದ್ದದ್ದು 14, ಸೋತದ್ದು 26. ತಂಡ ಗೆಲ್ಲುತ್ತಿದ್ದಾಗ ಸಹ ಆಟಗಾರರ ಎಸೆತಗಳು ಬುಟ್ಟಿ ಸೇರಿ ಅಸಿಸ್ಟ್‌ಗಳೂ ಹೆಚ್ಚುತ್ತವೆ ಎಂಬ ವಾದ ಇದೆ, ಅದರಲ್ಲಿ ಹುರುಳೂ ಇದೆ. ಆದರೆ 33–9ಕ್ಕೂ 14–26ಕ್ಕೂ ನಡುವಿನ ಅಂತರವನ್ನು ಅದೊಂದರಿಂದಲೇ ವಿವರಿಸಲಾಗದು. ಇವು ಗೆಲುವಿಗೆ ಸಂಬಂಧವಿಲ್ಲದ ಪೊಳ್ಳು ಸಂಖ್ಯೆಗಳಲ್ಲ.

ಆ ಋತುವಿನ ಹಿನ್ನೆಲೆಯನ್ನೂ ನೀವು ತಿಳಿದಿರಬೇಕು. ಋತುವಿನ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ನಲ್ಲಿ, 2016ರಲ್ಲಿ, ಒಕ್ಲಹೋಮ ಸಿಟಿ ಗೋಲ್ಡನ್ ಸ್ಟೇಟ್ ವಿರುದ್ಧ ಏಳು ಪಂದ್ಯಗಳ ಸರಣಿಯಲ್ಲಿ 3–1ರ ಮುನ್ನಡೆಯಲ್ಲಿದ್ದು ಸರಣಿ ಸೋತಿತು. ಜುಲೈ 4ರಂದು ಕೆವಿನ್ ಡುರಾಂಟ್ ಅದೇ ಗೋಲ್ಡನ್ ಸ್ಟೇಟ್‌ಗೆ ಹೋಗುವುದಾಗಿ ಪ್ರಕಟಿಸಿದರು. ಜೇಮ್ಸ್ ಹಾರ್ಡನ್ ಅವರನ್ನು ತಂಡ 2012ರಲ್ಲೇ ಬಿಟ್ಟುಕೊಟ್ಟಿತ್ತು. ತಂಡದ ಆ ಮೂವರು ತಾರೆಗಳಲ್ಲಿ ಉಳಿದವರು ವೆಸ್ಟ್‌ಬ್ರೂಕ್ ಒಬ್ಬರೇ. ಅವರೂ ಹೋಗುತ್ತಾರೆಂದು ಎಲ್ಲರೂ ಎಣಿಸಿದ್ದಾಗ, ಆಗಸ್ಟ್‌ನಲ್ಲಿ ಅವರು ಅದೇ ತಂಡದೊಂದಿಗೆ ಒಪ್ಪಂದ ವಿಸ್ತರಿಸಿಕೊಂಡರು. ಲೀಗಿನ ಸಣ್ಣ ನಗರಗಳಲ್ಲೊಂದು ಅದು. 2017ರ ಏಪ್ರಿಲ್ 9ರಂದು ಡೆನ್ವರ್‌ನಲ್ಲಿ 42ನೆಯ ಟ್ರಿಪಲ್ ಡಬಲ್ ಮುಟ್ಟಿದ ಪಂದ್ಯದಲ್ಲೇ, ಗಡಿಯಾರ ಶೂನ್ಯಕ್ಕೆ ಬರುತ್ತಿದ್ದಂತೆ, ಸುಮಾರು 36 ಅಡಿ ದೂರದಿಂದ ಎಸೆದು 106–105ರಿಂದ ಗೆಲ್ಲಿಸಿದರು. ಆ ರಾತ್ರಿ ಅವರದು 50 ಅಂಕ, 16 ರೀಬೌಂಡ್, 10 ಅಸಿಸ್ಟ್. ಡೆನ್ವರ್‌ನ ಪ್ಲೇಆಫ್ ಆಸೆ ಅಲ್ಲಿಗೇ ಮುಗಿಯಿತು. ದೂರದಿಂದ ಎಸೆಯಬಾರದು ಎಂದು ಎಲ್ಲರೂ ಬುದ್ಧಿ ಹೇಳುವ ಆಟಗಾರ ಎಸೆದ ಚೆಂಡು ಅದು.

ಅದಕ್ಕಿಂತ ಹಳೆಯ ಒಂದು ಪಂದ್ಯ ನನ್ನ ಮಾತನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. 2012ರ ಫೈನಲ್ಸ್‌ನಲ್ಲಿ ಮಯಾಮಿ ವಿರುದ್ಧದ ನಾಲ್ಕನೆಯ ಪಂದ್ಯದಲ್ಲಿ 23 ವರ್ಷದ ವೆಸ್ಟ್‌ಬ್ರೂಕ್ 32 ಎಸೆತಗಳಲ್ಲಿ 20 ಸೇರಿಸಿ 43 ಅಂಕ ಗಳಿಸಿದರು. ತಂಡವನ್ನು ಪಂದ್ಯದಲ್ಲಿ ಉಳಿಸಿದ್ದು ಅವರೇ. ಕೊನೆಗೆ ಮೂರು ಅಂಕ ಹಿಂದಿದ್ದಾಗ ಮಯಾಮಿಗೆ ಎಸೆಯಲೇಬೇಕಾದ ಗಡುವಿಗೆ ಐದು ಸೆಕೆಂಡಿಗಿಂತ ಕಡಿಮೆ ಸಮಯ ಉಳಿದಿತ್ತು. ಸುಮ್ಮನೆ ಕಾಯ್ದಿದ್ದರೂ ಚೆಂಡು ಮರಳುವ ಅವಕಾಶವಿತ್ತು. ಆದರೆ ವೆಸ್ಟ್‌ಬ್ರೂಕ್ ಹೋಗಿ ಮಾರಿಯೊ ಚಾಮರ್ಸ್ ಮೇಲೆ ಬೇಕೆಂದೇ ಫೌಲ್ ಮಾಡಿದರು. ಯಾರೂ ಅಡ್ಡಿಪಡಿಸದ ಎರಡು ಎಸೆತಗಳು, ಅಂದರೆ ಫ್ರೀ ಥ್ರೋಗಳು, ಪಂದ್ಯ ಅಲ್ಲಿಗೆ ಮುಗಿಯಿತು. ಮರುದಿನದ ಚರ್ಚೆಯಲ್ಲಿ 43 ಅಂಕಗಳಿಗಿಂತ ಆ ಫೌಲಿನ ಮಾತೇ ಹೆಚ್ಚು. ನನಗೆ ಎರಡೂ ಬೇರೆ ಬೇರೆಯಾಗಿ ಕಾಣುವುದಿಲ್ಲ. ಕಾಯುವುದು ಎಂಬ ಕೆಲಸವೇ ಗೊತ್ತಿಲ್ಲದ ಮನುಷ್ಯ 43 ಅಂಕವನ್ನೂ ಗಳಿಸಿದ, ಆ ಫೌಲನ್ನೂ ಮಾಡಿದ.

ಇದು ಎಲ್ಲಿಂದ ಬಂತು ಎಂದು ಕೇಳುವವರು ಅವರ ಬಾಲ್ಯವನ್ನು ನೋಡಬೇಕು. ಲಾಸ್ ಏಂಜಲೀಸ್ ಸುತ್ತಲಿನ ಪ್ರದೇಶದಲ್ಲಿ ಬೆಳೆದ ಅವರು ಹೈಸ್ಕೂಲು ಸೇರಿದಾಗ ಐದು ಅಡಿ ಎಂಟು ಇಂಚು. ದೊಡ್ಡ ಕಾಲೇಜುಗಳ ಕಣ್ಣಿಗೆ ಬಿದ್ದಿರಲಿಲ್ಲ. ಕಣ್ಣಿಗೆ ಬಿದ್ದಿದ್ದವನು ಅವರ ಆಪ್ತ ಗೆಳೆಯ. ಇಬ್ಬರೂ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ ಯುಸಿಎಲ್‌ಎಯಲ್ಲಿ ಜೊತೆಯಾಗಿ ಆಡುವ ಕನಸು ಕಟ್ಟಿದ್ದರು. 2004ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಅಂಗಳದಲ್ಲಿ ಆಡುತ್ತಿದ್ದಾಗಲೇ ಕುಸಿದು ಆ ಗೆಳೆಯ ತೀರಿಕೊಂಡ. ಹೃದಯ ಹಿಗ್ಗಿದ್ದು ಕಾರಣವಾಗಿತ್ತು. ಅವನ ಹೆಸರಿನ ಮೊದಲಕ್ಷರಗಳಿರುವ ಕೈಪಟ್ಟಿಯನ್ನು ವೆಸ್ಟ್‌ಬ್ರೂಕ್ ಎನ್‌ಬಿಎಯಲ್ಲೂ ತೊಟ್ಟು ಆಡಿದ್ದಾರೆ. ಯುಸಿಎಲ್‌ಎಯಿಂದ ಕರೆ ಬಂದದ್ದು ತೀರಾ ತಡವಾಗಿ, ಅಲ್ಲಿದ್ದ ಗಾರ್ಡ್ ಎನ್‌ಬಿಎಗೆ ಹೊರಟು ಜಾಗ ತೆರವಾದ ಮೇಲೆ. ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ 2008ರ ಡ್ರಾಫ್ಟ್‌ನಲ್ಲಿ ನಾಲ್ಕನೆಯವರಾಗಿ ಅವರನ್ನು ಆರಿಸಿದಾಗಲೂ ಇಷ್ಟು ಮೇಲಿನ ಜಾಗಕ್ಕೆ ಇವರೇ ಎಂದು ಹುಬ್ಬೇರಿಸಿದವರಿದ್ದರು. ಮೊದಲ ಐದು ಋತುಗಳ ಸಾಮಾನ್ಯ ಪಂದ್ಯಗಳಲ್ಲಿ ಅವರು ಒಂದನ್ನೂ ತಪ್ಪಿಸಲಿಲ್ಲ. 2013ರ ಪ್ಲೇಆಫ್‌ನಲ್ಲಿ ಮೊಣಕಾಲಿನ ಮೆನಿಸ್ಕಸ್ ಹರಿದಾಗಲೇ ಆ ಓಟ ನಿಂತಿದ್ದು. 2015ರಲ್ಲಿ ಸಹ ಆಟಗಾರನ ಮೊಣಕಾಲು ತಗುಲಿ ಕೆನ್ನೆಯ ಮೂಳೆ ಮುರಿಯಿತು. ಒಂದೇ ಪಂದ್ಯ ಬಿಟ್ಟು ಮುಖವಾಡ ತೊಟ್ಟು ಬಂದು ಫಿಲಡೆಲ್ಫಿಯ ವಿರುದ್ಧ 49 ಅಂಕ, 16 ರೀಬೌಂಡ್, 10 ಅಸಿಸ್ಟ್ ಗಳಿಸಿದರು. ಮಂಗಳವಾರ ರಾತ್ರಿಯ ಲೆಕ್ಕಕ್ಕಿಲ್ಲದ ಪಂದ್ಯವನ್ನೂ ಫೈನಲ್ ಎಂಬಂತೆ ಆಡುವ ಆಟಗಾರರು ಲೀಗಿನಲ್ಲಿ ಬಹಳ ಕಡಿಮೆ. ಟಿಕೆಟ್ ಕೊಂಡು ಬಂದ ಪ್ರೇಕ್ಷಕನಿಗೆ ಅವರು ಎಂದೂ ಅರ್ಧ ಮನಸ್ಸಿನ ಆಟ ಕೊಡಲಿಲ್ಲ.

ಇನ್ನು ಲೇಕರ್ಸ್ ವಿಷಯ. 2021ರಲ್ಲಿ ಮೂವರು ಉಪಯುಕ್ತ ಆಟಗಾರರನ್ನು ಬಿಟ್ಟುಕೊಟ್ಟು ಲೇಕರ್ಸ್ ಅವರನ್ನು ಕರೆತಂದಿತು. ವರ್ಷಕ್ಕೆ 4.4 ಕೋಟಿ ಡಾಲರ್ ಮೀರಿದ ಸಂಬಳ. ಪ್ರಶಸ್ತಿ ಗೆಲ್ಲಲು ಕಟ್ಟಿದ ತಂಡ 33–49ರಲ್ಲಿ ಋತು ಮುಗಿಸಿತು. ವೆಸ್ಟ್‌ಬ್ರೂಕ್ ಚೆನ್ನಾಗಿ ಆಡಲಿಲ್ಲ, ಅದು ನಿಜ. ಆದರೆ ಆ ಜೋಡಣೆಯಲ್ಲೇ ದೋಷವಿತ್ತು. ಲೆಬ್ರಾನ್ ಜೇಮ್ಸ್ ಕೈಯಲ್ಲಿ ಚೆಂಡು ಇರಬೇಕು. ಆಗ ಸುತ್ತಲಿನವರು ದೂರದಿಂದ ಎಸೆಯಬಲ್ಲವರಾಗಿರಬೇಕು, ಇಲ್ಲವಾದರೆ ಎದುರಾಳಿಗಳು ಅವರನ್ನು ಬಿಟ್ಟು ಬುಟ್ಟಿಯ ಮುಂದೆ ಗುಂಪುಗೂಡುತ್ತಾರೆ. ವೆಸ್ಟ್‌ಬ್ರೂಕ್ ವಿಷಯದಲ್ಲಿ ಆದದ್ದೂ ಅದೇ. ಅವರನ್ನು ಕಾಯಬೇಕಾದವನು ಲೆಬ್ರಾನ್ ನುಗ್ಗುವ ದಾರಿಯಲ್ಲಿ ಹೋಗಿ ನಿಂತ. ಇದು ಮೊದಲೇ ಊಹಿಸಬಹುದಾಗಿದ್ದ ಸಂಗತಿ. ಹಿಂದಿನ ವರ್ಷವಷ್ಟೇ, ಅವರು ಆಗ ಆಡುತ್ತಿದ್ದ ಹ್ಯೂಸ್ಟನ್ ತನ್ನ ಸೆಂಟರ್ ಕ್ಲಿಂಟ್ ಕಪೆಲ ಅವರನ್ನೇ ಕಳುಹಿಸಿ, ಎಲ್ಲರನ್ನೂ ಮೂರು ಅಂಕದ ಗೆರೆಯಾಚೆ ನಿಲ್ಲಿಸಿ, ನಡುವಿನ ಜಾಗವನ್ನು ವೆಸ್ಟ್‌ಬ್ರೂಕ್‌ಗೆ ತೆರೆದುಕೊಟ್ಟಿತ್ತು. ಆ 2019–20ರ ಋತುವಿನಲ್ಲಿ ಅವರು ಸರಾಸರಿ 27.2 ಅಂಕ ಗಳಿಸಿದ್ದರು, ಎಸೆತಗಳಲ್ಲಿ 47.2 ಶೇಕಡ ಸೇರಿಸಿದ್ದರು. ಎಂಥ ಜಾಗದಲ್ಲಿ ಅವರು ಅರಳುತ್ತಾರೆಂಬುದಕ್ಕೆ ಉತ್ತರ ಲೇಕರ್ಸ್ ಆಡಳಿತದ ಎದುರಿಗೇ ಇತ್ತು.

ಇನ್ನೊಂದು ಸಂಗತಿಯನ್ನು ಟೀಕಾಕಾರರು ಹೇಳುವುದಿಲ್ಲ. ಲೇಕರ್ಸ್‌ನ ಆ 2021–22ರ ಋತುವಿನ 82 ಪಂದ್ಯಗಳಲ್ಲಿ, ತಂಡದ ಇನ್ನಿಬ್ಬರು ತಾರೆಗಳಾದ ಲೆಬ್ರಾನ್ ಆಡಿದ್ದು 56, ಆ್ಯಂಟನಿ ಡೇವಿಸ್ 40. ವೆಸ್ಟ್‌ಬ್ರೂಕ್ 78 ಆಡಿದರು. ತಮ್ಮೂರಿನ ಅಂಗಳದಲ್ಲೇ ತಮ್ಮನ್ನು ಅಣಕಿಸುವ ಪ್ರೇಕ್ಷಕರ ಮುಂದೆ, ಗಾಯದ ನೆಪ ಹೇಳಿ ಬದಿಗೆ ಸರಿಯುವ ಎಲ್ಲ ಅವಕಾಶವಿದ್ದೂ, ಪ್ರತಿ ರಾತ್ರಿ ಬಂದು ನಿಂತರು. ಸೋಲಿನ ಹೊರೆ ಹೆಚ್ಚಾಗಿ ಅವರ ಹೆಗಲೇರಿದ್ದಕ್ಕೆ ಅವರು ಕಾಣುತ್ತಿದ್ದದ್ದೇ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಆ ವರ್ಷ ಅಣಕ ಎಲ್ಲೆ ಮೀರಿತು. ಅವರ ಕುಲನಾಮವನ್ನು ತಿರುಚಿ ಅಡ್ಡಹೆಸರಿಟ್ಟು ಕೂಗುವುದು ಮಾಮೂಲಾಯಿತು. ತಮಗೂ ತಮ್ಮ ಕುಟುಂಬಕ್ಕೂ ಬರುತ್ತಿದ್ದ ಬೈಗುಳಗಳು, ಸಾವಿನ ಬೆದರಿಕೆಗಳ ಬಗ್ಗೆ ಅವರ ಪತ್ನಿ 2022ರ ಮಾರ್ಚ್‌ನಲ್ಲಿ ಬಹಿರಂಗವಾಗಿ ಬರೆದರು. ಆ ಹೆಸರು ತಮ್ಮ ಮಗನದೂ ಹೌದು, ಅದಕ್ಕೆ ಮಸಿ ಬಳಿಯುವುದನ್ನು ಇನ್ನು ಸಹಿಸುವುದಿಲ್ಲ ಎಂದು ವೆಸ್ಟ್‌ಬ್ರೂಕ್ ಪತ್ರಕರ್ತರ ಮುಂದೆ ಹೇಳಿದರು. ಆಟಗಾರನ ಎಸೆತವನ್ನು ಎಷ್ಟು ಬೇಕಾದರೂ ಟೀಕಿಸಿ. ಅದಕ್ಕೆ ಹಣ ಪಡೆಯುತ್ತಾರೆ, ಅವರಿಗೂ ಅದು ಗೊತ್ತು. ಮಕ್ಕಳು ಶಾಲೆಗೆ ಹೊತ್ತುಕೊಂಡು ಹೋಗುವ ಹೆಸರನ್ನು ಮುಟ್ಟುವುದು ಕ್ರೀಡಾಭಿಮಾನವಲ್ಲ. ಹೊಸ ಪ್ರೇಕ್ಷಕರಾದ ನಿಮಗೆ ನಾನು ಒತ್ತಿ ಹೇಳಬೇಕಾದ ಮಾತೆಂದು ಇದನ್ನು ಬರೆಯುತ್ತಿದ್ದೇನೆ.

ಜೊತೆಗಾರರನ್ನು ಕುಗ್ಗಿಸುತ್ತಾರೆ ಎಂಬ ದೂರು ಪೂರ್ತಿ ಸುಳ್ಳಲ್ಲ. ಅವರ ಜೊತೆ ಆಡುತ್ತಿದ್ದ ವಿಕ್ಟರ್ ಒಲಡಿಪೊ, ಇಂಡಿಯಾನಾ ತಂಡಕ್ಕೆ ಹೋದ ವರ್ಷವೇ ಆಲ್ ಸ್ಟಾರ್ ಆಗಿ, ಅಂದರೆ ಲೀಗಿನ ತಾರೆಗಳಲ್ಲೊಬ್ಬರಾಗಿ, ಆಯ್ಕೆಯಾದರು. ಆದರೆ ಪಾಲ್ ಜಾರ್ಜ್ ತಮ್ಮ ಅತ್ಯುತ್ತಮ ಋತುವನ್ನು, 2018–19ರದನ್ನು, ವೆಸ್ಟ್‌ಬ್ರೂಕ್ ಪಕ್ಕದಲ್ಲೇ ಆಡಿದರು. ಸರಾಸರಿ 28 ಅಂಕ. ಬ್ರಾಡ್ಲಿ ಬೀಲ್ 31.3ರ ಸರಾಸರಿ ಮುಟ್ಟಿದ್ದು 2020–21ರಲ್ಲಿ, ವಾಷಿಂಗ್ಟನ್‌ನಲ್ಲಿ ವೆಸ್ಟ್‌ಬ್ರೂಕ್ ತಮಗೆ ಪಾಸು ಕೊಡುತ್ತಿದ್ದಾಗ. 17–32ರ ದುಃಸ್ಥಿತಿಯಲ್ಲಿದ್ದ ಆ ತಂಡ ಕೊನೆಯ 23 ಪಂದ್ಯಗಳಲ್ಲಿ 17 ಗೆದ್ದು ಪ್ಲೇಆಫ್ ಸೇರಿತು. ಅದೇ ಓಟದಲ್ಲಿ, 2021ರ ಮೇ 10ರಂದು, ಅವರು 182ನೆಯ ಟ್ರಿಪಲ್ ಡಬಲ್‌ನೊಂದಿಗೆ ರಾಬರ್ಟ್‌ಸನ್ ಅವರ ವೃತ್ತಿಜೀವನದ ದಾಖಲೆಯನ್ನೂ ದಾಟಿದರು. ಬುಟ್ಟಿಯತ್ತ ನುಗ್ಗಿ ಮೂವರನ್ನು ತಮ್ಮತ್ತ ಎಳೆದು ಮೂಲೆಯಲ್ಲಿ ಒಂಟಿಯಾಗಿ ನಿಂತವನಿಗೆ ಚೆಂಡು ತಲುಪಿಸುವ ಗಾರ್ಡ್ ಎಸೆತಗಾರರಿಗೆ ವರವೇ ಸರಿ.

ನನ್ನ ಮೆಚ್ಚುಗೆ ಇನ್ನೂ ಹೆಚ್ಚಿದ್ದು ಇತ್ತೀಚಿನ ವರ್ಷಗಳಲ್ಲಿ. ಇವರು ಬದಲಾಗುವುದಿಲ್ಲ ಎಂಬುದು ಹಳೆಯ ದೂರು. 2023ರ ನವೆಂಬರ್‌ನಲ್ಲಿ ವೆಸ್ಟ್‌ಬ್ರೂಕ್ ಆಗ ಆಡುತ್ತಿದ್ದ ಕ್ಲಿಪರ್ಸ್ ತಂಡವನ್ನು ಹಾರ್ಡನ್ ಸೇರಿದ ಮೇಲೆ ಅದು ಸಾಲಾಗಿ ಸೋಲತೊಡಗಿತು. ಆಗ ವೆಸ್ಟ್‌ಬ್ರೂಕ್ ತಾವಾಗಿಯೇ ತರಬೇತುದಾರ ಟೈರನ್ ಲೂ ಬಳಿಗೆ ಹೋಗಿ, ನಾನು ಬೆಂಚಿನಿಂದ ಬರುತ್ತೇನೆ ಎಂದರು. ಲೀಗಿನ ಅತ್ಯಮೂಲ್ಯ ಆಟಗಾರರಾಗಿದ್ದವರು ಮೊದಲ ಐವರಲ್ಲಿ ತಮ್ಮ ಜಾಗವನ್ನು ತಾವೇ ಬಿಟ್ಟುಕೊಡುವುದು ಸಣ್ಣ ವಿಷಯವಲ್ಲ. ಎಷ್ಟೋ ದೊಡ್ಡ ಆಟಗಾರರ ವೃತ್ತಿಜೀವನ ಆ ಒಂದು ಒಪ್ಪಿಗೆ ಕೊಡಲಾಗದೆ ಮುಗಿದಿದೆ. ಮುಂದೆ ಡೆನ್ವರ್‌ನಲ್ಲಿ ಯೋಕಿಚ್ ಪಕ್ಕದಲ್ಲಿ ಅವರು ಚೆಂಡಿಲ್ಲದೆ ಬುಟ್ಟಿಯತ್ತ ನುಗ್ಗುವುದನ್ನು, ಸರಿಯಾದ ಗಳಿಗೆಗೆ ಕಾಯುವುದನ್ನು ರೂಢಿಸಿಕೊಂಡರು. 2025ರ ಪ್ಲೇಆಫ್‌ನ ಮೊದಲ ಪಂದ್ಯದಲ್ಲಿ ಎದುರಾಳಿ ಕ್ಲಿಪರ್ಸ್ ತಂಡ ಅವರನ್ನು ಬೇಕೆಂದೇ ಕಾಯದೆ ಬಿಟ್ಟಿತು. ನಿಗದಿತ ಅವಧಿಯ ಕೊನೆಯ ಅರ್ಧ ನಿಮಿಷದಲ್ಲಿ ಅವರು ಮೂಲೆಯಿಂದ ಎಸೆದ ಮೂರು ಅಂಕ ಡೆನ್ವರ್‌ಗೆ ಮುನ್ನಡೆ ತಂದಿತು. ಹೆಚ್ಚುವರಿ ಅವಧಿಗೆ ಹೋದ ಆ ಪಂದ್ಯವನ್ನೂ ಆ ಸರಣಿಯನ್ನೂ ಡೆನ್ವರ್ ಗೆದ್ದಿತು.

ಚಾಂಪಿಯನ್ನರಿಗೆ ಸಿಗುವ ಉಂಗುರವಿಲ್ಲವಲ್ಲ ಎನ್ನುವವರಿಗೆ ನನ್ನ ಬಳಿ ಹೆಚ್ಚಿನ ಉತ್ತರವಿಲ್ಲ. ಇಲ್ಲ, ನಿಜ. ಪ್ರಶಸ್ತಿ ತಂಡಕ್ಕೆ ಬರುವುದು. ಗಾಯ, ಆಡಳಿತದ ತೀರ್ಮಾನ, ಎದುರಾಳಿಯ ಶಕ್ತಿ ಎಲ್ಲವೂ ಅದರಲ್ಲಿ ಸೇರಿರುತ್ತವೆ. 2017ರ ಪ್ಲೇಆಫ್‌ನಲ್ಲಿ ಹ್ಯೂಸ್ಟನ್ ವಿರುದ್ಧದ ಎರಡನೆಯ ಪಂದ್ಯದಲ್ಲಿ 51 ಅಂಕದ ಟ್ರಿಪಲ್ ಡಬಲ್ ಗಳಿಸಿಯೂ ಅವರು ಸೋತರು, ಕೊನೆಯ ಕಾಲುಭಾಗದಲ್ಲಿ 18 ಎಸೆತಗಳಲ್ಲಿ 14 ತಪ್ಪಿದ್ದೂ ಆ ಸೋಲಿಗೆ ಕಾರಣವಾಗಿತ್ತು.

ಯಾವ ಪಂದ್ಯದಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ. ಹೆಚ್ಚಿನವರು ಡೆನ್ವರ್‌ನ 50 ಅಂಕದ ರಾತ್ರಿಯನ್ನು ಹೇಳುತ್ತಾರೆ. ನಾನು 2023ರ ಏಪ್ರಿಲ್ 16ರ ಪಂದ್ಯ ನೋಡಿ ಎನ್ನುತ್ತೇನೆ. ಪ್ಲೇಆಫ್‌ನ ಮೊದಲ ಪಂದ್ಯ, ಕ್ಲಿಪರ್ಸ್ ಮತ್ತು ಫೀನಿಕ್ಸ್. ಅಂಕಪಟ್ಟಿಯನ್ನಷ್ಟೇ ನೋಡಿದವರಿಗೆ ವೆಸ್ಟ್‌ಬ್ರೂಕ್ ಅಂದು 19 ಎಸೆತಗಳಲ್ಲಿ 3 ಮಾತ್ರ ಸೇರಿಸಿದ್ದು ಕಾಣುತ್ತದೆ. ಅವರನ್ನು ಹೀಯಾಳಿಸುವವರಿಗೆ ಅಷ್ಟು ಸಾಕು. ನೀವು ಕೊನೆಯ ನಿಮಿಷವನ್ನು ನೋಡಿ. ಇಷ್ಟೆಲ್ಲ ತಪ್ಪಿಸಿದ ಮನುಷ್ಯ ಎತ್ತರದವರ ನಡುವೆ ನುಗ್ಗಿ ತಮ್ಮದೇ ತಂಡದ ತಪ್ಪಿದ ಎಸೆತದ ರೀಬೌಂಡ್ ಹಿಡಿಯುತ್ತಾರೆ, ಫೌಲ್ ಪಡೆದು ಎರಡೂ ಫ್ರೀ ಥ್ರೋಗಳನ್ನು ಸೇರಿಸುತ್ತಾರೆ. ಆಮೇಲೆ ಫೀನಿಕ್ಸ್‌ನ ಡೆವಿನ್ ಬುಕರ್ ಬುಟ್ಟಿಯತ್ತ ಏರಿದಾಗ ಆ ಎಸೆತವನ್ನು ತಡೆದು, ಚೆಂಡು ಗೆರೆ ದಾಟುವ ಮೊದಲೇ ಹಿಡಿದು ಬುಕರ್ ಮೈಗೆ ಬಡಿಯುವಂತೆ ಎಸೆದು ಹೊರಗೆ ಕಳುಹಿಸುತ್ತಾರೆ. ಚೆಂಡು ಕ್ಲಿಪರ್ಸ್‌ಗೆ, ಪಂದ್ಯವೂ ಕ್ಲಿಪರ್ಸ್‌ಗೆ, 115–110. ನೋಡುವಾಗ ಒಂದು ಕೆಲಸ ಮಾಡಿ: ಪ್ರತಿ ಸಲ ಎಸೆತ ತಪ್ಪಿದಾಗ ಚೆಂಡನ್ನು ಬಿಟ್ಟು ಅವರ ಕಾಲುಗಳನ್ನು ಗಮನಿಸಿ. ಹದಿನಾರು ಬಾರಿ ತಪ್ಪಿದ ಆಟಗಾರ ಮುಂದಿನ ಚೆಂಡಿಗೆ ಎಷ್ಟು ಬೇಗ ಓಡುತ್ತಾರೆಂಬುದು ಅಲ್ಲಿ ಸಿಗುತ್ತದೆ. ಅದಾದ ಮೇಲೆ ಅದೇ ಸರಣಿಯ ನಾಲ್ಕನೆಯ ಪಂದ್ಯ ನೋಡಿ. ಅವರ 37 ಅಂಕಗಳ ಹೊರತಾಗಿಯೂ ಕ್ಲಿಪರ್ಸ್ ಸೋತ ಪಂದ್ಯ ಅದು.